ತುಂಡು ಹಚ್ಚದ ತೋಳು

ಬನಹಟ್ಟಿಯಲ್ಲಿ ಬಟ್ಟೆಗೆ ಬರವಿಲ್ಲ. ಬೆಳಗಾದರೆ ಸಾಕು, ಓಣಿ ಓಣಿಯಲ್ಲಿ ಮಗ್ಗ ಖಟಖಟ ಅನ್ನುತ್ತವೆ, ಮನೆ ಮುಂದಿನ ಕಟ್ಟೆಯ ಮೇಲೆ ಸೀರೆಯ ಗಂಟು ಬಿದ್ದಿರುತ್ತವೆ. ಅಂಥ ಊರಿಗೆ ಸೊಸೆಯಾಗಿ ಬಂದು, ಮೂವತ್ತೆಂಟು ವರ್ಷ ಬಾಳ್ವೆ ಮಾಡಿ, ಮೈಗೆ ಸರಿಯಾಗುವ ಒಂದು ಕುಬಸಕ್ಕಾಗಿ, ಅಂದರೆ ರವಿಕೆಗಾಗಿ, ಹಂಬಲಿಸಿದವಳು ಶಂಕ್ರೆವ್ವ. ಸೀರೆಯ ಬಗ್ಗೆ ಅವಳ ತಕರಾರು ಏನೂ ಇರಲಿಲ್ಲ. ಸೀರೆಯದು ದೊಡ್ಡ ಮನಸ್ಸು, ಎರಡು ನಿರಿಗೆ ಕಡಿಮೆ ಮಾಡಿದರೆ ದಪ್ಪನೆಯವಳಿಗೂ ಆಯಿತು, ಎರಡು ಹೆಚ್ಚು ಹಿಡಿದರೆ ಸಣಕಲಿಗೂ ಆಯಿತು. ಕುಬಸದ ಹಟವೇ ಬೇರೆ.

ಅವಳ ಮೈಕಟ್ಟು ಮೊದಲೇ ದೊಡ್ಡದು. ಅದರ ಮೇಲೆ ರೊಟ್ಟಿಯ ಕೆಲಸ. ಚಿಮ್ಮಡದ ತವರಿನಲ್ಲಿ ಹತ್ತು ವರ್ಷದವಳಿದ್ದಾಗಲೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ಕಲಿತಳು. ಮದುವೆಯಾದ ಮೇಲೆ ಅದೇ ಅವಳ ದುಡಿಮೆಯಾಯಿತು. ಜಮಖಂಡಿಯ ಎರಡು ಖಾನಾವಳಿಗಳಿಗೆ ದಿನಾ ಅವಳ ಮನೆಯಿಂದಲೇ ಜೋಳದ ರೊಟ್ಟಿ ಹೋಗಬೇಕು. ಗಂಡ ಶಿದ್ರಾಮಪ್ಪ ಬಿಳಿ ಅರಿವೆಯಲ್ಲಿ ಕಟ್ಟಿದ ರೊಟ್ಟಿಯ ಬುಟ್ಟಿಯನ್ನು ಬಸ್ಸಿಗೆ ಏರಿಸಿಕೊಂಡು ಹೋಗುತ್ತಿದ್ದ. ಬಡಿದು ಬಡಿದು ಶಂಕ್ರೆವ್ವನ ರಟ್ಟೆಗಳು ಗರಡಿಯಾಳಿನ ರಟ್ಟೆಯಾದವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳಿದ ಹಿರಿಯರು ಖಣ ಇದ್ದಷ್ಟು ತೋಳು ಬೆಳೆಸು ಎಂದು ಹೇಳಿಹೋಗಿರಲಿಲ್ಲ.

ಖಣದ ಸಂಗತಿ ಹೇಳಲೇಬೇಕು. ಈ ಸೀಮೆಯಲ್ಲಿ ಹೆಣ್ಣುಮಗಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣಬೇರಿನ ಜೊತೆ ಒಂದು ಖಣ ಇಡುತ್ತಾರೆ. ಒಂದು ಖಣವೆಂದರೆ ಒಂದು ಕುಬಸಕ್ಕಾಗುವಷ್ಟು ಬಟ್ಟೆ. ಈ ಅಳತೆಯನ್ನು ಯಾವ ಪುಣ್ಯಾತ್ಮ ಗೊತ್ತು ಮಾಡಿದನೋ ತಿಳಿಯದು, ಅವನ ಹೆಂಡತಿ ಕಡ್ಡಿಯಂತೆ ಇದ್ದಿರಬೇಕು. ಮದುವೆ, ತೊಟ್ಟಿಲು, ಶ್ರಾವಣ ಎಂದು ಎಲ್ಲರೂ ಶಂಕ್ರೆವ್ವನನ್ನು ಕರೆಯುತ್ತಿದ್ದರು, ಅರಿಷಿಣ ಕುಂಕುಮ ಹಚ್ಚಿ ಉಡಿಗೆ ಖಣ ಹಾಕುತ್ತಿದ್ದರು. ಅವಳು ತಲೆಯ ಮೇಲೆ ಸೆರಗು ಹೊತ್ತು, ನಮಸ್ಕಾರ ಮಾಡಿ ಮನೆಗೆ ತಂದು ಟ್ರಂಕಿನಲ್ಲಿಡುತ್ತಿದ್ದಳು. ಕಿರಮಂಜಿ, ಗಿಳಿಹಸಿರು, ನೇರಳೆ, ಅರಿಷಿಣ ಬಣ್ಣದ ಖಣಗಳು ಒಂದರ ಮೇಲೊಂದು ಬಿದ್ದವು. ಟ್ರಂಕು ತುಂಬ ಖಣ, ತೊಡಲು ಒಂದೂ ಇಲ್ಲ. ಒಂದೊಂದು ಸಲ ಯಾರೂ ಇಲ್ಲದಾಗ ಅವುಗಳನ್ನು ಹೊರಗೆ ತೆಗೆದು ತೋಳಿನ ಮೇಲೆ ಹರವಿಕೊಂಡು ನೋಡಿ, ಮತ್ತೆ ಮಡಚಿ ಇಡುತ್ತಿದ್ದಳು.

ಚೊಚ್ಚಲ ಬಸಿರಿನಲ್ಲಿ ಅವಳಿಗೆ ಕುಬಸದ ಕಾರ್ಯ ಮಾಡಿದರು. ನಮ್ಮ ಕಡೆ ಆ ಕಾರ್ಯಕ್ಕೆ ಹೆಸರೇ ಕುಬಸ. ಬಸುರಿ ಹೆಣ್ಣುಮಗಳಿಗೆ ಹಸಿರು ಸೀರೆ ಉಡಿಸಿ, ಹೊಸ ಕುಬಸ ತೊಡಿಸಿ ಆರತಿ ಮಾಡುತ್ತಾರೆ. ಅತ್ತೆಯ ಮನೆಯವರು ಹೊಲಿಸಿ ತಂದ ಕುಬಸ ಮೊಣಕೈ ದಾಟಲಿಲ್ಲ. ಇಬ್ಬರು ಹೆಂಗಸರು ಹಿಡಿದು ಎಳೆದರು, ತೋಳಿನ ಹೊಲಿಗೆ ಪರ್ ಎಂದಿತು. ಯಾರೋ ನಕ್ಕರು. ಕಾರ್ಯದ ಹೆಸರು ಕುಬಸ, ಕೂತವಳ ಮೈಮೇಲೆ ಕುಬಸವೇ ಇಲ್ಲ. ಹಳೆಯದನ್ನೇ ತೊಟ್ಟು, ಸೆರಗನ್ನು ಎರಡು ಸುತ್ತು ಹೊದ್ದುಕೊಂಡು ಶಂಕ್ರೆವ್ವ ಆರತಿ ಮಾಡಿಸಿಕೊಂಡಳು. ಮೂಲೆಯಲ್ಲಿ ನಿಂತ ಅವಳ ತಾಯಿ ಎಲ್ಲವನ್ನೂ ನೋಡಿದಳು.

ಮುಂದಿನ ನಾಗರಪಂಚಮಿಗೆ ಶಂಕ್ರೆವ್ವ ಚಿಮ್ಮಡಕ್ಕೆ ಹೋದಾಗ ಅವ್ವ ಬಾಗಿಲಲ್ಲೇ ಅವಳ ತೋಳು ಹಿಡಿದಳು. ಹೆಬ್ಬೆರಳು, ಕಿರುಬೆರಳು ಅಗಲಿಸಿ ರಟ್ಟೆಯ ಸುತ್ತ ಗೇಣು ಹಾಕಿದಳು.

"ಎರಡ ಗೇಣಿಗೆ ನಾಕ ಬೆರಳ ಕಡಿಮಿ" ಎಂದಳು.

"ಏನ ಬೇ ಅದು, ಎತ್ತ ಖರೀದಿ ಮಾಡಾಕತ್ತೀಯೇನು?" ಎಂದು ಶಂಕ್ರೆವ್ವ ನಕ್ಕಳು.

ಆ ವರ್ಷ ಅವ್ವ ಉಡಿಗೆ ಎರಡು ಖಣ ಹಾಕಿದಳು. ಒಂದೇ ಬಣ್ಣ, ಒಂದೇ ಅಂಚು. ಅಂದಿನಿಂದ ಪ್ರತಿ ಪಂಚಮಿಗೂ ಬಾಗಿಲಲ್ಲಿ ಗೇಣು, ಉಡಿಯಲ್ಲಿ ಜೋಡಿ ಖಣ. ಮಡಚಿದ ಖಣದ ಅಂಚು ಎದ್ದು ಕಾಣುತ್ತದೆ. ಶಂಕ್ರೆವ್ವ ಉಡಿಯಲ್ಲಿ ಕಣ್ಣಾಡಿಸಿ ಅಂಚು ಎಣಿಸುತ್ತಿದ್ದಳು, ಒಂದು, ಎರಡು. ಎರಡನೆಯದು ಕಂಡಾಗ ಅವಳಿಗೆ ಆಗುತ್ತಿದ್ದ ಸಮಾಧಾನ ಬಂಗಾರ ಕೊಟ್ಟರೂ ಆಗುತ್ತಿರಲಿಲ್ಲ. ಜಗತ್ತಿನಲ್ಲಿ ತನ್ನ ಅಳತೆ ಬಲ್ಲ ಒಂದು ಜೀವ ಇದೆಯಲ್ಲ ಎಂಬ ಸಮಾಧಾನ ಅದು.

ಆದರೂ ಒಂದು ಕೊರತೆ ಉಳಿಯಿತು. ಬನಹಟ್ಟಿಯ ಸಿಂಪಿಗ ತುಕಾರಾಮ ಎಷ್ಟು ಜಾಣನಾದರೂ ಅವಳ ಮೈಗೇ ಒಂದೂವರೆ ಖಣ ಹೋಗುತ್ತಿತ್ತು. ಉಳಿದ ಅರ್ಧದಲ್ಲಿ ಎರಡು ತೋಳು ಹೇಗಾದೀತು? ತೋಳಿಗೆ ಬೇರೆ ಬಟ್ಟೆಯ ತುಂಡು ಹಚ್ಚಲೇಬೇಕು. ಕೈ ಎತ್ತಿದರೆ ತುಂಡು ಕಾಣುತ್ತಿತ್ತು. ನೀರು ತರುವಾಗ, ಆರತಿ ಎತ್ತುವಾಗ ಶಂಕ್ರೆವ್ವ ಕೈಯನ್ನು ಪಕ್ಕೆಗೆ ಒತ್ತಿಕೊಂಡೇ ಇರುತ್ತಿದ್ದಳು. ಒಮ್ಮೆ ಜಮಖಂಡಿಯ ಪೇಟೆಯಲ್ಲಿ ರೆಡಿಮೇಡ್ ಕುಬಸ ಕೇಳಲು ಹೋದಳು. ಅಂಗಡಿಯ ಹುಡುಗಿ, "ಫ್ರೀ ಸೈಜ್ ಐತ್ರಿ, ಯಾರಿಗರ ಆಗತೈತಿ" ಎಂದು ಕೊಟ್ಟಳು. ಪರದೆಯ ಹಿಂದೆ ಹೋಗಿ ನೋಡಿದರೆ ಮೊಣಕೈಯಲ್ಲೇ ನಿಂತಿತು. ಯಾರಿಗಾದರೂ ಎಂಬುದರಲ್ಲಿ ಶಂಕ್ರೆವ್ವ ಸೇರಿರಲಿಲ್ಲ.

ಅದೇ ವರ್ಷ ಪಂಚಮಿಗೆ ಹೋದಾಗ ಉಂಡಿ ಕಟ್ಟುತ್ತ ಕೂತವಳ ಬಾಯಿಂದ ಮಾತು ಜಾರಿತು. "ಯವ್ವಾ, ನನಗೂ ಒಮ್ಮೆರ ತುಂಡ ಹಚ್ಚದ ತೋಳ ತೊಡಬೇಕ ಅನಸತೈತಿ ಬೇ. ಒಮ್ಮಿ ಸಾಕು."

ಅವ್ವ ನಕ್ಕಳು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ. ನನ್ನ ಹೆಗ್ಗಣದ ರಟ್ಟಿ ಜರಾ ದಪ್ಪ ಅದಾವ, ಅಷ್ಟ." ಮಾತು ಅಲ್ಲಿಗೆ ಮುಗಿಯಿತು. ಮುಗಿಯಿತೆಂದು ಶಂಕ್ರೆವ್ವ ತಿಳಿದಳು.

ಮುಂದಿನ ಪಂಚಮಿಗೆ ಅವ್ವ ಹಾಸಿಗೆ ಹಿಡಿದಿದ್ದಳು. ಬಾಗಿಲಲ್ಲಿ ಗೇಣು ಹಾಕಲು ಯಾರೂ ಬರಲಿಲ್ಲ. ಶಂಕ್ರೆವ್ವನ ತಮ್ಮ ಚಿದಾನಂದ ಅವ್ವನನ್ನು ಎಬ್ಬಿಸಿ ಗೋಡೆಗೆ ಆನಿಸಿ ಕೂರಿಸಿದ. ಅವ್ವ ಕೂತಲ್ಲೇ ಮಗಳ ಉಡಿ ತುಂಬಿದಳು. ಶಂಕ್ರೆವ್ವ ರೂಢಿಯಂತೆ ಅಂಚು ಎಣಿಸಿದಳು. ಕೊಬ್ಬರಿ ಬಟ್ಟಲಿನ ಕೆಳಗೆ ಕಿರಮಂಜಿ ಬಣ್ಣದ ಒಂದೇ ಅಂಚು.

ಅಕ್ಕಿಯೊಳಗೆ ಬೆರಳಾಡಿಸಿದಳು. ಎರಡನೆಯದು ಇಲ್ಲ.

"ಮನಿಗಿ ಹೋಗಿ ಬಿಚ್ಚಿ ನೋಡ ಬೇ" ಎಂದಳು ಅವ್ವ.

"ನೋಡತೇನಿ ಬಿಡು" ಎಂದಳು ಶಂಕ್ರೆವ್ವ. ದನಿ ಒರಟಾಗಿಯೇ ಬಂತು.

ಊರ ಮಂದಿ ಒಂದು ಖಣ ಕೊಟ್ಟರೆ ಅವಳಿಗೆ ಬೇಸರವಿರಲಿಲ್ಲ. ಹೆತ್ತವಳೂ ಊರ ಮಂದಿಯಂತೆ ಒಂದೇ ಖಣ ಕೊಟ್ಟಳಲ್ಲ! ಮುಪ್ಪಿನಲ್ಲಿ ಅವ್ವ ತನ್ನ ಅಳತೆ ಮರೆತಳು. ಮನೆಗೆ ಬಂದವಳೇ ಖಣವನ್ನು ಒಂದು ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಟ್ರಂಕಿನ ತಳಕ್ಕೆ ತಳ್ಳಿದಳು. ಕೈಗೆ ದಪ್ಪ ಹತ್ತಬೇಕಿತ್ತು, ತೂಕ ತಿಳಿಯಬೇಕಿತ್ತು. ಬುದ್ಧಿಯನ್ನು ಸಿಟ್ಟಿನ ಕೈಗೆ ಕೊಟ್ಟವಳಿಗೆ ಅದೆಲ್ಲ ಎಲ್ಲಿ ತಿಳಿದೀತು!

ವಾರ ಕಳೆದು ಚಿದಾನಂದನ ಫೋನು ಬಂತು. "ಯಕ್ಕಾ, ಅವ್ವ ಕೇಳಾಕತ್ತಾಳ, ಖಣ ಬಿಚ್ಚಿ ನೋಡ್ಯಾಳೇನು ಅಂತ."

"ಹೂಂ, ಛಲೋ ಐತಿ ಅಂತ ಹೇಳು."

ಮತ್ತೆ ನಾಲ್ಕು ದಿನಕ್ಕೆ ಅದೇ ಪ್ರಶ್ನೆ. ಅದೇ ಉತ್ತರ. ಮೂರನೆಯ ಸಲ ಚಿದಾನಂದ ಫೋನು ಮಾಡಿದ್ದು ಅವ್ವ ತೀರಿಕೊಂಡಳೆಂದು ಹೇಳಲು.

ಶಂಕ್ರೆವ್ವ ಅತ್ತಳು, ಎದೆ ಬಡಿದುಕೊಂಡು ಅತ್ತಳು. ಆದರೆ ಖಣದ ಮುಳ್ಳು ಒಳಗೇ ಮುರಿದು ಉಳಿಯಿತು. ಯಾರ ಮುಂದೆ ಹೇಳುವುದು? ಸತ್ತ ತಾಯಿ ಒಂದು ಖಣ ಕಡಿಮೆ ಕೊಟ್ಟಳೆಂದು ಐವತ್ತು ದಾಟಿದ ಹೆಂಗಸು ಹೇಳಿಕೊಂಡರೆ ನಗುತ್ತಾರೆ. ಪಂಚಮಿಗೆ ತವರಿಗೆ ಹೋಗುವುದನ್ನು ಬಿಡಲಿಲ್ಲ. ತಮ್ಮನ ಹೆಂಡತಿ ಇಂದ್ರವ್ವ ಒಳ್ಳೆಯ ಹೆಂಗಸು, ಪ್ರೀತಿಯಿಂದಲೇ ಉಡಿ ತುಂಬುತ್ತಿದ್ದಳು. ಆದರೆ ಹೊಸ್ತಿಲು ದಾಟುವಾಗ ಶಂಕ್ರೆವ್ವ ಒಂದು ಗಳಿಗೆ ನಿಂತುಬಿಡುತ್ತಿದ್ದಳು. ತೋಳು ತಾನಾಗಿಯೇ ಸ್ವಲ್ಪ ಮುಂದೆ ಬರುತ್ತಿತ್ತು. ಹಿಡಿಯುವ ಕೈ ಇರಲಿಲ್ಲ.

ಏಳು ವರ್ಷ ಕಳೆದವು. ಈ ನಡುವೆ ಶಂಕ್ರೆವ್ವನಿಗೆ ಶುಗರ್ ಬಂತು. ಡಾಕ್ಟರರು ಅನ್ನ ಬಿಡಿಸಿದರು, ಸಿಹಿ ಬಿಡಿಸಿದರು. ವರ್ಷದೊಳಗೆ ಮೈ ಇಳಿಯಿತು, ರಟ್ಟೆ ಇಳಿದವು, ಬಳೆ ಮೊಣಕೈವರೆಗೆ ಸರಿಯತೊಡಗಿದವು. ದಿನದ ರೊಟ್ಟಿ ಅರ್ಧಕ್ಕೆ ಬಂತು. ಓಣಿಯ ಹೆಂಗಸರು, "ಎಷ್ಟ ಛಂದ ಕಾಣತಿ ಬೇ ಈಗ" ಎಂದರು. ಒಂದು ದಿನ ಜಮಖಂಡಿಯಲ್ಲಿ ಅದೇ ಅಂಗಡಿಗೆ ಹೋಗಿ ಫ್ರೀ ಸೈಜ್ ಕುಬಸ ತೊಟ್ಟು ನೋಡಿದಳು. ಸರಾಗ ಏರಿತು. ಇಷ್ಟು ವರ್ಷ ಕಾದದ್ದು ಇದಕ್ಕೇ ಎಂದು ಸಂತೋಷ ಪಡಬೇಕೆಂದುಕೊಂಡಳು, ಆಗಲಿಲ್ಲ. ಕನ್ನಡಿಯೊಳಗಿನ ಹೆಂಗಸು ಯಾರೋ ಆಗಿದ್ದಳು. ಅವ್ವ ಬಾಗಿಲಲ್ಲಿ ಎದುರಾದರೂ ಗುರುತು ಹಿಡಿಯಲಿಕ್ಕಿಲ್ಲ ಅನ್ನಿಸಿತು. ಕುಬಸ ತೆಗೆದು ಹಿಂದಕ್ಕೆ ಕೊಟ್ಟು ಬಂದಳು.

ಈ ವರ್ಷ ಚಿದಾನಂದನ ಮಗಳು ವೈಶಾಲಿಗೆ ಚೊಚ್ಚಲ ಬಸಿರು, ಏಳು ತಿಂಗಳು. ಕುಬಸದ ಕಾರ್ಯಕ್ಕೆ ಸೋದರತ್ತೆ ಮುಂದೆ ನಿಲ್ಲಬೇಕು. ಅಂದು ಅವ್ವನ ಖಣವನ್ನೇ ತೊಡಬೇಕೆಂದು ಶಂಕ್ರೆವ್ವನಿಗೆ ಯಾಕೋ ಬಲವಾಗಿ ಅನ್ನಿಸಿತು. ಮೈ ಇಳಿದಿದೆ, ಒಂದು ಖಣ ಸಾಕಾದೀತು. ಅವ್ವ ಮರೆತು ಕೊಟ್ಟದ್ದು ಈಗಲಾದರೂ ಮೈಗೆ ಹತ್ತಲಿ. ಟ್ರಂಕಿನ ತಳದಿಂದ ಗಂಟು ತೆಗೆದು, ಬಿಚ್ಚದೆ, ಅಳತೆಗೆಂದು ಒಂದು ಹಳೆಯ ಕುಬಸವನ್ನೂ ಚೀಲಕ್ಕೆ ಹಾಕಿಕೊಂಡು ತುಕಾರಾಮನ ಅಂಗಡಿಗೆ ಹೋದಳು.

ತುಕಾರಾಮ ಗಂಟು ಬಿಚ್ಚಿ, ಖಣದ ಮಡಿಕೆ ತೆಗೆದ. ಇನ್ನೊಂದು ಮಡಿಕೆ ತೆಗೆದ. ಮತ್ತೊಂದು. ಕಿರಮಂಜಿ ಬಟ್ಟೆ ಹೊಲಿಗೆ ಮಷಿನ್ನಿನ ಮೇಲಿಂದ ಜಾರಿ ಅವನ ತೊಡೆಯ ಮೇಲೆ ಬಿತ್ತು, ಅಲ್ಲಿಂದ ಕೆಳಗಿಳಿಯಿತು. ಅವನು ಕನ್ನಡಕ ಸರಿಮಾಡಿಕೊಂಡ.

"ಯಕ್ಕಾ, ಇದು ಒಂದ ಖಣ ಅಲ್ರಿ. ಮೂರ ಖಣದ ಅರಿವಿ, ನಡುವ ಎಲ್ಲೂ ಕತ್ತರಿ ಹಾಕಿಲ್ಲ. ಅಂಗಡ್ಯಾಗ ಹಿಂಗ ಸಿಗೂದಿಲ್ರಿ. ನೇಯವರ ಮನಿಗೆ ಹೋಗಿ, ಕೊಯ್ಯಬ್ಯಾಡ್ರಿ ಅಂತ ಹೇಳಿ ತಂದಾರ."

ಶಂಕ್ರೆವ್ವ ಬಟ್ಟೆಯ ತುದಿ ಹಿಡಿದುಕೊಂಡು ಬಾಕಿನ ಮೇಲೆ ಕೂತಳು.

"ಇದರಾಗ ತೋಳಿಗೆ ತುಂಡ ಹಚ್ಚೂ ಜರೂರ ಇಲ್ರಿ" ಎಂದ ತುಕಾರಾಮ, ತನ್ನ ಪಾಡಿಗೆ ತಾನು.

ಉಂಡಿ ಕಟ್ಟುತ್ತ ಆಡಿದ ಒಂದು ಮಾತನ್ನು ಅವ್ವ ವರ್ಷವಿಡೀ ಹೊತ್ತು ತಿರುಗಿದ್ದಳು. ಕಾಲಲ್ಲಿ ಕಸುವಿದ್ದಾಗಲೇ ಎಲ್ಲೆಲ್ಲೋ ಹೋಗಿ ಹೇಳಿ ತರಿಸಿ ಇಟ್ಟಿದ್ದಳು. ಮಗಳು ಬಿಚ್ಚಿ ನೋಡಿ ಕುಣಿದಾಡಿ ಫೋನು ಮಾಡುತ್ತಾಳೆಂದು ಹಾಸಿಗೆಯಲ್ಲಿ ಮಲಗಿ ಕಾದಿದ್ದಳು. ಎರಡು ಸಲ ಕೇಳಿಸಿದಳು. ಎರಡು ಸಲವೂ ಮಗಳು ನೋಡದೆಯೇ ಛಲೋ ಐತಿ ಎಂದಳು. ಆ ಒಣ ಉತ್ತರದಲ್ಲಿ ಸುಳ್ಳಿದೆಯೆಂದು ಅವ್ವನಿಗೆ ತಿಳಿಯದೆ ಇರುತ್ತದೆಯೇ? ಶಂಕ್ರೆವ್ವನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಆ ಒಂದು ಫೋನು ಮತ್ತೆ ಬರಬಾರದೇ ಎಂದು ಅವಳ ಜೀವ ಹಾರಿತು.

ತುಕಾರಾಮ ಗಾಬರಿಯಾಗಿ ನೀರು ಕೊಟ್ಟ. ಅವಳು ಸುಧಾರಿಸಿಕೊಂಡ ಮೇಲೆ ಮೆಲ್ಲಗೆ ಕೇಳಿದ, "ಯಕ್ಕಾ, ಈಗ ನಿಮ್ಮ ಮೈಗೆ ಒಂದ ಖಣದಷ್ಟ ಸಾಕರಿ. ಅಷ್ಟ ಕೊಯ್ದು, ಉಳಿದದ್ದ ತಿರುಗಿ ಕೊಡಲೇನ್ರಿ?"

"ಬ್ಯಾಡ." ಅವಳು ಚೀಲದಿಂದ ಹಳೆಯ ಕುಬಸ ತೆಗೆದಳು. ತುಂಡು ಹಚ್ಚಿದ ತೋಳಿನದು, ಅವನೇ ಹೊಲಿದದ್ದು. "ಈ ಅಳತೀಗೆ ಹೊಲಿ."

"ಭಾಳ ಸಡಲ ಆಗತೈತ್ರಿ. ನನ್ನ ಹೆಸರ ಕೆಡಸಬ್ಯಾಡ್ರಿ, ನೋಡಿದವರು ತುಕಾರಾಮಗ ಕಣ್ಣ ಹ್ವಾದವು ಅಂತಾರ."

"ಅನ್ನವರು ನನಗ ಅಂತಾರ ತುಕಾರಾಮಣ್ಣಾ. ನನ್ನ ಮೈ ಎಷ್ಟ ಇತ್ತು ಅಂತ ನಮ್ಮವ್ವಗ ಗೊತ್ತಿತ್ತು. ಅಕಿ ತಂದದ್ದು ಅದಕ್ಕ. ಅದಕ್ಕ ಹೊಲಿ."

ತುಕಾರಾಮ ಟೇಪನ್ನು ಕೊರಳಿಗೆ ಹಾಕಿಕೊಂಡು ಹಳೆಯ ಕುಬಸವನ್ನು ಬಟ್ಟೆಯ ಮೇಲೆ ಹರವಿದ.

ಕಾರ್ಯದ ದಿನ ಶಂಕ್ರೆವ್ವ ಆ ಕಿರಮಂಜಿ ಕುಬಸ ತೊಟ್ಟು ಆರತಿ ತಟ್ಟೆ ಎತ್ತಿದಳು. ಕೈ ಪೂರಾ ಮೇಲಕ್ಕೆತ್ತಿದಳು. ತೋಳಿನಲ್ಲಿ ತುಂಡು ಇರಲಿಲ್ಲ. ಹೆಗಲಿನಿಂದ ಅಂಚಿನವರೆಗೆ ಒಂದೇ ಬಟ್ಟೆ. ತೋಳು ಜೋಲಾಡುತ್ತಿತ್ತು, ಅದು ಖರೆ. ಹಸಿರು ಸೀರೆ ಉಟ್ಟು ಕೂತ ವೈಶಾಲಿ ಅತ್ತೆಯ ಕಡೆ ಬಾಗಿ ಪಿಸುಗುಟ್ಟಿದಳು.

"ಅತ್ತಿ, ತೋಳ ಎಷ್ಟ ಸಡಲ ಐತಿ! ಪಿನ್ ಹಚ್ಚಲೇನು?"

ಶಂಕ್ರೆವ್ವ ತಟ್ಟೆ ಕೆಳಗಿಟ್ಟಳು. ಎಡಗೈಯನ್ನು ಬಲತೋಳಿನ ಕುಬಸದೊಳಗೆ ತೂರಿಸಿ ತನ್ನ ರಟ್ಟೆಯನ್ನು ತಾನೇ ಹಿಡಿದಳು. ಒಂದು ಗೇಣಿಗೆ ಮುಗಿದುಹೋಯಿತು.

"ಬಿಚ್ಚಿ ನೋಡಿದೆ ಬೇ ಯವ್ವಾ" ಎಂದಳು. "ಛಲೋ ಐತಿ."

"ಏನಂದಿ ಅತ್ತಿ?" ಎಂದಳು ವೈಶಾಲಿ.

ಶಂಕ್ರೆವ್ವ ಕುಂಕುಮದ ಬಟ್ಟಲಿಗೆ ಬೆರಳು ಹಾಕಿದಳು.