ಬಾಯಿಲೆ ಹೇಳಲಾರದ ಹೆಸರು

ನಿಮ್ಮ ಮನಿಯವ್ರ ಹೆಸರ ಯಾರರೆ ಕೇಳಿದ್ರ ಥಟ್ಟನ ಹೇಳಿಬಿಡ್ತೀರೋ, ಇಲ್ಲಾ ನನ್ನಂಗ ಕೆಮ್ಮತೀರೋ?

ನಾ ಅಂತೂ ಕೆಮ್ಮಾಕಿ. ರೇಶನ್ ಅಂಗಡ್ಯಾಗ ಕೆಮ್ಮೇನಿ, ಬ್ಯಾಂಕಿನ್ಯಾಗ ಕೆಮ್ಮೇನಿ. ಒಮ್ಮೆ ದವಾಖಾನ್ಯಾಗ ಒಬ್ಬ ಹೊಸಾ ಡಾಕ್ಟರು, "ಯಜಮಾನ್ರ ಹೆಸರೇನ್ರಿ ಅಜ್ಜಿ" ಅಂತ ಕೇಳಿದ. ಕೆಮ್ಮಿದೆ. ಮತ್ತ ಕೇಳಿದ. ಮತ್ತ ಕೆಮ್ಮಿದೆ. ಮೊಣಕಾಲ ಬ್ಯಾನಿ ಅಂತ ಹೋದಾಕಿಗೆ ಕೆಮ್ಮಿನ ಔಷಧ ಬರದುಕೊಟ್ಟ. ಸುಮ್ಮನ ತಂದು ಕುಡದೆ. ಸೀ ಇತ್ತು, ಛಲೋ ಇತ್ತು.

ಗಂಡನ ಹೆಸರ ಬಾಯಿಲೆ ತಗದ್ರ ಅವ್ರ ಆಯುಷ್ಯ ಕಡಿಮಿ ಆಗ್ತೈತಿ ಅಂತ ನಮ್ಮವ್ವ ಹೇಳಿದ್ಲು. ಲಗ್ನ ಆಗಿ ಬಂದ ದಿನಾ ಒಂದ ಸಲ ಹೇಳೇನಿ, ಅದೂ ಒಡಪಿನ್ಯಾಗ. ಬಾಗಲದಾಗ ಹುಡುಗ್ಯಾರು ಅಡ್ಡ ನಿಂತು, ಹಾಡಿನಂಥಾ ನಾಕ ಸಾಲಿನ ನಡುವ ಗಂಡನ ಹೆಸರ ಸೇರಿಸಿ ಹೇಳೂತನಾ ಒಳಗ ಬಿಡಂಗಿಲ್ಲ ಅಂತಿದ್ರಲ್ಲ, ಅದು. ಹಂಗ ಹೇಳಿದ್ರ ದೋಷ ಇಲ್ಲಂತ. ಅದಾದ ಮ್ಯಾಲ ನನ್ನ ಪಾಲಿಗೆ ಅವ್ರು "ಇಲ್ನೋಡ್ರಿ" ಆದ್ರು, "ಕೇಳಸ್ತೇನ್ರಿ" ಆದ್ರು. ಅವ್ರಿಗೆ ನಾ "ಏ" ಆದೆ. ಅಷ್ಟರಾಗ ಸಂಸಾರ ನಡದು ಹೋತು.

ನಿಮಗೂ ಹೇಳಂಗಿಲ್ಲ ಬಿಡ್ರಿ. ಕಡೀತನಾ ಓದಿದ್ರೂ ಸಿಗಂಗಿಲ್ಲ.

ಇವ್ರು ಅರಳಿ, ಅಂದ್ರ ಹತ್ತಿ, ವ್ಯಾಪಾರದವ್ರು. ದೇಶಪಾಂಡೆ ನಗರದಾಗ ನಮ್ಮ ಮನಿ. ಇವ್ರು ಫೋನಿನ್ಯಾಗ ಮಾತಾಡಿದ್ರ ಆ ಕಡೆಯವ್ರಿಗೆ ಫೋನ್ ಇಲ್ಲದನೂ ಕೇಳಬೇಕು, ಅಂಥಾ ದನಿ. ಅರಳಿ ಕೈಯಾಗ ಹಿಡದು ಎಳಿ ಜಗ್ಗಿ ನೋಡಿ, ರೇಟು ಕುದುರೂತನಾ ಎಲ್ಲಾಕ್ಕೂ "ಇಲ್ಲ, ಇಲ್ಲ" ಅಂತ ಒದರಿ, ಕುದುರಿದ ಮ್ಯಾಲ "ಆತ್, ಆತ್" ಅಂತಿದ್ರು. ಮನ್ಯಾಗೂ ಹಂಗ. ನಾ ಏನ ಕೇಳಿದ್ರೂ ಮೊದಲ ಇಲ್ಲ. ಉಡಾಕ ಪತ್ತಲಾ ಬೇಕು ಅಂದ್ರ ಇಲ್ಲ, ತವರಮನಿಗೆ ಹೋಗ್ಲೇನು ಅಂದ್ರ ಇಲ್ಲ. ಮುಂದ ಹೊತ್ತ ಮುಳುಗೂದ್ರಾಗ ಆತ್.

ಹ್ವಾದ ವರ್ಷ ದೀಪಾವಳಿ ಮುಂದ ಇವ್ರಿಗೆ ಲಕ್ವಾ ಹೊಡೀತು. ಬಲಗೈ ಬಿದ್ದು ಹೋತು, ಕಾಲ ಎಳಕೋತ ನಡೀತಾರ. ಮಾತ ಹೋತು. ಎಲ್ಲಾ ಹೋಗಿ ಒಂದ ಶಬ್ದ ಉಳೀತು. ಯಾವದ ಅಂತೀರಿ? ಆತ್.

"ನೀರ ಬೇಕೇನ್ರಿ?"

"ಆತ್."

"ಬ್ಯಾಡೇನ್ರಿ?"

"ಆತ್."

"ತಲಿ ನೂಸಾಕತ್ತೇತೇನು? ಉಚ್ಚಿಗೆ ಹೋಗೂದೈತೇನು?"

"ಆತ್, ಆತ್."

ಮೊದ್ಲ ಮೊದ್ಲ ನಾನೂ ಚಾಷ್ಟಿ ಮಾಡಿದೆ. ಜನ್ಮಪೂರ್ತಿ ಇಲ್ಲ ಅಂದಾವ್ರು ಈಗ ಎಲ್ಲಾಕ್ಕೂ ಆತ್ ಅನ್ನಾಕತ್ತಾರ, ಕಾಶಿಗೆ ಕರಕೊಂಡ ಹೋಗ್ರಿ ಅಂತ ಈಗ ಕೇಳಬೇಕು ಅಂತ ಸೊಸಿ ಮುಂದ ಅಂದೆ. ಸೊಸಿ ನಗಲಿಲ್ಲ. ಆಮ್ಯಾಲ ನನಗೂ ನಗೂ ಬರಲಿಲ್ಲ. ಯಾಕಂದ್ರ ಅವ್ರು ಆತ್ ಅನ್ನೂ ಮುಂದ ಕಣ್ಣಾಗ ಬ್ಯಾರೇನ ಇರ್ತಿತ್ತು. ಏನೋ ಹೇಳಬೇಕು, ಬಾಯಿಗೆ ಬರೂದು ಅದೊಂದ ಶಬ್ದ. ತಾವ ಅಂದದ್ದು ತಮಗ ಕೇಳಿ, ತಲಿ ಅಲ್ಲಾಡಸ್ತಿದ್ರು. ಒಮ್ಮೊಮ್ಮೆ ಎಡಗೈಲೆ ಖುರ್ಚಿ ಗುದ್ದತಿದ್ರು.

ವಿದ್ಯಾನಗರದಾಗ ಮಾತ ಕಲಸೂ ಡಾಕ್ಟರ್ ಅದಾಳ, ಸಣ್ಣ ವಯಸ್ಸಿನಾಕಿ. ಅಕಿ ಕಡೆ ಕರಕೊಂಡ ಹ್ವಾದ್ವಿ. ಅಕಿ ನನ್ನ ಕೈ ಹಿಡದು, "ಅಮ್ಮಾರ, ಬರೇ ನಾಲಿಗಿದಲ್ರಿ ಇದು. ಮಾತ ಹುಟ್ಟೂ ಜಾಗಾಕ್ಕ ಪೆಟ್ಟ ಬಿದ್ದೈತಿ" ಅಂದ್ಲು. ಕಿವ್ಯಾಗ ಬಿತ್ತು. ಒಳಗ ಇಳೀಲಿಲ್ಲ. ನಾ ಅರಳಿ ವ್ಯಾಪಾರಸ್ಥರ ಹೆಂಡ್ತಿ, ನನಗ ತಿಳಿಯೂ ರೀತಿಲೆ ತಿಳಕೊಂಡೆ. ಗೋದಾಮಿನ್ಯಾಗ ಗಂಟ ಒಟ್ಟಿದಂಗ ಮಾತೆಲ್ಲಾ ಒಳಗ ಅದಾವ, ಮುಂಬಾಗಲಾ ಅಷ್ಟ ಬಿಗದ ಕೂತೈತಿ. ಹಿತ್ತಲ ಬಾಗಲಾ ತಗದ್ರ ಆತು. ಎಡಗೈ ಛಲೋನ ಐತಲ್ಲ, ಬಾಯಿಲೆ ಬರಲಾರದ್ದನ್ನ ಫೋನಿನ ಮ್ಯಾಲ ಬೆರಳಿಲೆ ಒತ್ತಿ ಹೇಳ್ಲಿ. ಅವ್ರಿಗೆ ಕಲಿಸಬೇಕಂದ್ರ ಮೊದ್ಲ ನನಗ ಬರಬೇಕು. ನನಗ ಬರ್ತಿದ್ದದ್ದು ಹಸರ ಗುಂಡಿ ಒತ್ತಿ ಹಲೋ ಅನ್ನೂದು ಅಷ್ಟ.

ಹಿಂಗಾಗಿ ಕಂಪ್ಯೂಟರ್ ಕ್ಲಾಸಿಗೆ ಹೋದೆ. ಸಮುದಾಯ ಭವನದ ಮ್ಯಾಲಿನ ಖೋಲ್ಯಾಗ, ಮಧ್ಯಾಹ್ನ ಊಟ ಆದ ಮ್ಯಾಲ, ವಯಸ್ಸಾದವ್ರಿಗೆ ಅಂತನ ನಡಸ್ತಿದ್ರು, ಫೋನಿನ್ಯಾಗ ಬರಿಯೂದೂ ಕಲಸ್ತಿದ್ರು. ಸೊಸಿ ಸ್ಕೂಟರ್ ಮ್ಯಾಲ ಬಿಟ್ಟ ಬರ್ತಿದ್ಲು. ಚಪ್ಪಲ್ ಹೊರಗ ಬಿಟ್ಟು, ಮಷೀನಿಗೆ ಕೈ ಮುಗದು, ಸೆರಗ ಬಿಗದ ಕುಂಡ್ರತಿದ್ವಿ. ಹೆಚ್ಚಿನಂಶ ಹೆಣಮಕ್ಕಳ. ಗಂಡಸರು ಒಂದೆರಡ ದಿನಾ ಬಂದು, ನಮಗೆಲ್ಲಾ ಗೊತ್ತೈತಿ ಅಂತ ಹೇಳಿ ಹ್ವಾದ್ರು.

ನನ್ನ ಬಾಜೂ ಖುರ್ಚ್ಯಾಗ ಗಬ್ಬೂರಿನಾಕಿ ಒಬ್ಬಾಕಿ. ಅಕಿ ಗಂಡಂದು ಬೈಪಾಸ್ ಹತ್ರ ಗ್ಯಾರೇಜ್. ನಮ್ಮ ಅಂಗಡಿ ಟೆಂಪೋ ಕೆಟ್ರ ಅಲ್ಲೇ ಹೋಗ್ತಿತ್ತು, ಹಂಗಾಗಿ ಮನಿತನ ಗೊತ್ತಿದ್ದದ್ದ. ಗಿರಾಕಿಗೋಳು ಫೋನಿಗೆ ಏನೇನೋ ಬರದು ಕಳಸ್ತಾರ, ಗಂಡಗ ಓದಾಕ ಬರಂಗಿಲ್ಲ, ಅದಕ್ಕ ತಾನರ ಕಲೀತೇನಿ ಅಂತ ಬಂದಿದ್ಲು. ಸಣ್ಣಾಕಿ ಇದ್ದಾಗ ಕನ್ನಡ ಸಾಲಿಗೆ ಸ್ವಲ್ಪ ದಿನಾ ಹೋಗಿದ್ಲು, ಒಂದೊಂದ ಅಕ್ಷರಾ ಕೂಡಿಸಿ ಓದ್ತಿದ್ಲು. ನಾ ಅಕಿಗೆ ಅವ್ರ ಮಾತಿನ್ಯಾಗ ಆಪಾ ಅಂದೆ. ಅಕಿ ನನಗ ಅಕ್ಕಾ ಅಂದ್ಲು. ಯಾರ ದೊಡ್ಡಾಕಿ ಅನ್ನೂದು ಇವತ್ತಿಗೂ ತೀರ್ಮಾನ ಆಗಿಲ್ಲ. ಇಬ್ರೂ ಸಣ್ಣಾಕ್ಯಾರ.

ಟೀಚರ್ ಧಾರವಾಡದ ಹುಡಗಿ, ಭಾಳ ಸಮಾಧಾನದಾಕಿ. ಒಂದಿನಾ ಪಾಸ್‌ವರ್ಡ್ ಹೇಳಿಕೊಟ್ಲು. "ನೋಡ್ರಿ ಅಜ್ಜ್ಯಾರ, ಇದು ನಿಮ್ಮ ಮಷೀನಿನ ಕೀಲಿಕೈ ಇದ್ದಂಗ. ಎಂದೂ ಮರೀಬಾರ್ದು, ಯಾರ ಮುಂದೂ ಬಾಯಿ ಬಿಟ್ಟು ಹೇಳಬಾರ್ದು. ಅಂಥಾದ್ದೊಂದು ಶಬ್ದ ವಿಚಾರ ಮಾಡಿ ಹಾಕ್ರಿ."

ವಿಚಾರ ಮಾಡೂದೇನ ಐತಿ. ಮರೀಲಾರದ್ದು, ಬಾಯಿ ಬಿಟ್ಟು ಹೇಳಲಾರದ್ದು, ಅಂಥಾ ಶಬ್ದ ನನ್ನ ಹತ್ರ ಇದ್ದದ್ದು ಒಂದ. ಇಂಗ್ಲಿಷ್ ಅಕ್ಷರ ಅಂಗಡಿ ಬೋರ್ಡ್ ನೋಡಿ ನೋಡಿ ಗೊತ್ತಿದ್ವು. ಒಂದೊಂದ ಹುಡಿಕಿ ಒತ್ತಿದೆ. ತೆರಿ ಮ್ಯಾಲ ಹೆಸರ ಕಾಣಲಿಲ್ಲ, ಬರೇ ಚುಕ್ಕಿ ಚುಕ್ಕಿ ಬಂತು. ಮಷೀನಿಗೂ ಮರ್ಯಾದಿ ಐತಿ ಅನಕೊಂಡೆ.

ಸ್ವಲ್ಪ ದಿನದ ಮ್ಯಾಲ ಮಷೀನ್ ರಿಪೇರಿಗೆ ಬಂದ್ವು. ಎಲ್ಲಾ ತಗದು ಮತ್ತ ಹೊಸದಾಗಿ ಕೂಡಸಬೇಕು, ನಿಮ್ಮ ನಿಮ್ಮ ಪಾಸ್‌ವರ್ಡ್ ಹೇಳ್ರಿ ಅಂತ ಟೀಚರ್ ಮುಂದಿನ ಸಾಲಿನಿಂದ ಕೇಳಕೋತ ಬಂದ್ಲು. ಮೊದ್ಲನೇದಾಕಿ ಕೆಮ್ಮಿದ್ಲು. ಎರಡನೇದಾಕಿ ಸೆರಗ ಬಾಯಿಗೆ ಹಿಡದ ಕೆಮ್ಮಿದ್ಲು. ನಾ ಕೆಮ್ಮಿದೆ, ಆಪಾ ಕೆಮ್ಮಿದ್ಲು. ಇಡೀ ಖೋಲಿ ಕೆಮ್ಮಾಕ ಹತ್ತಿತು. ಟೀಚರ್ ಗಾಬರ್ಯಾಗಿ ಹೋಗಿ ಕಿಟಕಿ ತಗದ್ಲು.

ಕಡೀಕ ಆಪಾನ ಎದ್ದ ನಿಂತ್ಲು. "ಟೀಚರ್, ಅಕ್ಕಾಂದು ನಾ ಹೇಳ್ತೇನಿ, ನಂದು ಅಕ್ಕಾ ಹೇಳ್ತಾರ. ಮಂದಿ ಗಂಡನ ಹೆಸರ ಹೇಳಿದ್ರ ಯಾರೂ ಸಾಯಂಗಿಲ್ಲ."

ಹಂಗಂದು ಇವ್ರ ಹೆಸರ ಖಣಖಣ ಹೇಳಿಬಿಟ್ಲು. ಖೋಲಿ ಎಲ್ಲಾ ನಕ್ಕಿತು. ಟೀಚರ್ ಟೇಬಲ್ ಮ್ಯಾಲ ತಲಿ ಇಟ್ಟ ನಕ್ಲು. ನಾನೂ ನಕ್ಕೆ, ಆದ್ರ ಒಂದ ನಮೂನಿ ಆತು. ನಮ್ಮ ಅತ್ತಿನ್ನ ಬಿಟ್ರ ಮತ್ತೊಬ್ಬ ಹೆಣಮಗಳ ಬಾಯಾಗ ಆ ಹೆಸರ ಅಷ್ಟ ದೊಡ್ಡ ದನಿಲೆ ನಾ ಕೇಳಿದ್ದಿಲ್ಲ. ಯಾರೋ ಬ್ಯಾರೆ ಗಂಡಸಿನ ಹೆಸರ ಕೇಳಿದಂಗಾತು.

ಟೀಚರ್ ಎಲ್ಲಾರಿಗೂ ಪಾಸ್‌ವರ್ಡ್ ಬದಲಿ ಮಾಡ್ರಿ ಅಂದ್ಲು. ನಾ ಮಾಡಿದೆ ಅಂತ ಸುಳ್ಳ ಹೇಳಿದೆ. ಬೆರಳಿಗೆ ಅದರ ರುಚಿ ಹತ್ತಿತ್ತು. ಬಾಯಿ ಮಾಡಲಾರದ್ದನ್ನ ಬೆರಳು ದಿನಾ ಮಾಡಾಕತ್ತಿತ್ತು. ಮನ್ಯಾಗೂ ಫೋನಿನ್ಯಾಗ ಕನ್ನಡದಾಗ ಅದನ್ನ ಬರದು ಬರದು ಅಳಸ್ತಿದ್ದೆ. ಮುಂದಮುಂದ ಮೊದ್ಲನೇ ಅಕ್ಷರಾ ಒತ್ತಿದ್ರ ಸಾಕು, ಫೋನ್ ತಾನ ಪೂರಾ ಹೆಸರ ತೋರಸ್ತಿತ್ತು.

ದಿನಾ ಕ್ಲಾಸ್ ಮುಗಿಸಿ ಬಂದು ಇವ್ರ ಖುರ್ಚಿ ಮುಂದ ಕುಂಡ್ರತಿದ್ದೆ. ಎಡಗೈ ಬೆರಳ ಹಿಡದು ಅಕ್ಷರದ ಮ್ಯಾಲ ಇಡ್ತಿದ್ದೆ. ನೀರು ಅಂತ ಬರದು ತೋರ್ಸಿ, ಗ್ಲಾಸ್ ತೋರಸ್ತಿದ್ದೆ. ಅವ್ರು ಗ್ಲಾಸ್ ಇಸ್ಕೊಂಡು ಕುಡೀತಿದ್ರು. "ಹಂಗಲ್ರಿ, ಇಲ್ಲೆ ಒತ್ರಿ, ಬೇಕಂದ್ರ ಇಲ್ಲೆ ಒತ್ರಿ." ಬೆರಳ ಎಲ್ಲಿ ಬೀಳ್ತಿತ್ತೋ ಅಲ್ಲೇ ಒತ್ಕೋತ ಕುಂಡ್ರತಿದ್ರು. ಒಂದ ಅಕ್ಷರಾ ಇರಬಿ ಸಾಲಿನಂಗ ತೆರಿ ತುಂಬ ಹರೀತಿತ್ತು. "ಆತ್?" ಅಂತ ನನ್ನ ಮಾರಿ ನೋಡ್ತಿದ್ರು, ಸಾಲಿ ಹುಡುಗರು ಮಾಸ್ತರನ್ನ ನೋಡಿದಂಗ. ಇಡೀ ಅರಳಿ ಪ್ಯಾಟಿ ಹೆದರಸಿದ ಮನಶ್ಯಾ ನನ್ನ ಮಾರಿ ನೋಡಿ ಹೆದರೂದನ್ನ ನನಗ ನೋಡಾಕ ಆಗ್ತಿರಲಿಲ್ಲ.

ರೂಢಿ ಇಲ್ಲದ್ದಕ್ಕ ಹಿಂಗ, ಆಗ್ತೈತಿ ಅಂತ ಥಂಡಿ ದಿನಾ ಕಳೀತು. ಬ್ಯಾಸಗಿ ಹತ್ತಿತು.

ಒಂದಿನಾ ಮಧ್ಯಾಹ್ನ ಮನ್ಯಾಗ ನಾವಿಬ್ರ ಇದ್ವಿ. ನೀರು, ಚಾ, ರೊಟ್ಟಿ ಎಲ್ಲಾ ಬಿಡು, ಮನಶ್ಯಾಗ ತನ್ನ ಹೆಸರ ಅಂತೂ ಗೊತ್ತಿರ್ತೈತಿ, ಅಲ್ಲಿಂದ ಸುರು ಮಾಡೂಣು ಅನಕೊಂಡೆ. ಒಂದ ಅಕ್ಷರಾ ಒತ್ತಿದೆ. ಫೋನ್ ಹೆಸರ ತೋರಸ್ತು. ದೊಡ್ಡ ಅಕ್ಷರಾ ಮಾಡಿ ಅವ್ರ ಮುಂದ ಹಿಡದೆ. ನಾಚಿಕಿನೂ ಆತು, ಹೊಸಾ ಮದಿಮಗಳಿಗೆ ಆದಂಗ.

ಅವ್ರು ನೋಡಿದ್ರು. ಭಾಳ ಹೊತ್ತ ನೋಡಿದ್ರು. ಗ್ವಾಡಿ ನೋಡಿದಂಗ ನೋಡಿದ್ರು. ಆಮ್ಯಾಲ ಬೆರಳಿಲೆ ತೆರಿ ಮ್ಯಾಲಿನ ಧೂಳ ಒರಿಸಿ, "ಆತ್" ಅಂದು ಫೋನ್ ನನಗ ಹೊಳ್ಳಿ ಕೊಟ್ರು.

ಫೋನಿಗೆ ಗೊತ್ತಾತು. ಅವ್ರಿಗೆ ಗೊತ್ತಾಗಲಿಲ್ಲ.

ಆವಾಗ ನಾ ಒಂದ ಕೆಲಸಾ ಮಾಡಿದೆ. ನಮ್ಮವ್ವ ಹೇಳಿದ್ದು ನೆನಪಿತ್ತು. ನೆನಪಿದ್ದೂ ಮಾಡಿದೆ. ಅವ್ರ ಕಿವಿ ಹತ್ರ ಹೋಗಿ, ಹೆಸರ ಹಿಡದ ಕರದೆ. ಮೊದ್ಲನೇ ಸಲ ದನಿ ಹೊಂಡಲಿಲ್ಲ, ಖರೇನ ಕೆಮ್ಮ ಬಂತು. ಎರಡನೇ ಸಲ ಸ್ಪಷ್ಟ ಕರದೆ.

ಅವ್ರ ಕಣ್ಣ ಬೆಳಗಿದ್ವು. ತಲಿ ಎತ್ತಿದ್ರು. ಎತ್ತಿ, ಬಾಗಲಾ ನೋಡಿದ್ರು.

ನಾ ಬಾಜೂಕ ಕುಂತೇನಿ, ನನ್ನ ಬಾಯಿಂದ ಬಂದ ದನಿ, ಅವ್ರು ಬಾಗಲಾ ನೋಡಾಕತ್ತಾರ. ಯಾಕ ಅಂತ ತಿಳಿಯಾಕ ನನಗ ಹೊತ್ತ ಹಿಡೀಲಿಲ್ಲ. ಆ ಹೆಸರ ಹಿಡದು ಅವ್ರನ್ನ ಕರ್ಯಾವ್ರು ಹೊರಗಿನವ್ರು. ಪ್ಯಾಟ್ಯಾಗಿನ ಗೆಳ್ಯಾರು, ಸತ್ತ ಹ್ವಾದ ನಮ್ಮ ಅತ್ತಿ. ಜನ್ಮದಾಗ ಒಮ್ಮೆನೂ ನಾ ಕರದಾಕಿ ಅಲ್ಲ. ಆ ಹೆಸರಿನ್ಯಾಗ ನಾ ಇಲ್ಲ. ಅವ್ರು ಎಡಗೈಲೆ ಅಂಗಿ ಜಗ್ಗಿ ನೆಟ್ಟಗ ಮಾಡ್ಕೊಂಡ್ರು. ಬಾಗಲದಾಗ ಯಾರೂ ಇರಲಿಲ್ಲ. ಆದ್ರೂ "ಆತ್, ಆತ್" ಅಂತ, ಬಂದವ್ರಿಗೆ ಕುಂಡ್ರಿ ಅಂದಂಗ ಎದರಿನ ಖುರ್ಚಿ ತೋರಿಸಿದ್ರು. ಯಾರೂ ಬಂದು ಕುಂಡ್ರಲಿಲ್ಲ. ಸ್ವಲ್ಪ ಹೊತ್ತ ಕಾದು, ಕೈ ಕೆಳಗ ಇಟ್ಕೊಂಡ್ರು.

"ಇಲ್ನೋಡ್ರಿ" ಅಂದೆ. ಆವಾಗ ನನ್ನ ಕಡೆ ನೋಡಿದ್ರು.

ಡಾಕ್ಟರ್ ಅವತ್ತ ಹೇಳಿದ್ದು ನನಗ ಇವತ್ತ ಕೇಳಿಸಿತು. ಹಿತ್ತಲ ಬಾಗಲಕ್ಕ ಅಂತ ಅಷ್ಟ ಒದ್ದಾಡಿ ಕೀಲಿಕೈ ಮಾಡಿಸ್ಕೊಂಡು ಬಂದೆ. ಗೋದಾಮಿನ್ಯಾಗ ಸರಕ ಇಲ್ಲ. ಆಮ್ಯಾಲ ಡಾಕ್ಟರನ್ನ ಮತ್ತೊಮ್ಮೆ ಕೇಳಿದ್ರ, ರೂಢಿ ಮಾಡಸ್ರಿ, ಒಂದೆರಡ ಶಬ್ದ ಹೊಳ್ಳಿ ಬಂದ್ರೂ ಬರಬಹುದು ಅಂತಾಳ. ಹಿಂದಿನಂಗ ಆಗ್ತಾರ ಅಂತ ಹೇಳವಲ್ಲಳು. ನಾನೂ ಕೇಳವಲ್ಲೆ.

ಕ್ಲಾಸ್ ಬಿಟ್ಟೆ. ಅವ್ರು ಖುರ್ಚ್ಯಾಗ, ನಾ ಚಾಪಿ ಮ್ಯಾಲ. ಜಗಳಾ ಆಡಾಕರ ಒಬ್ರ ಬೇಕಲ್ಲ, ಇಲ್ಲ ಅನ್ನಾಕರ ಒಬ್ರ ಬೇಕು. ನಾ ಏನ ಕೇಳಿದ್ರೂ ಆತ್ ಅನ್ನೂ ಮನಶ್ಯಾನ ಜೋಡಿ ಹೆಂಗ ದಿನಾ ಕಳ್ಯಾಕತ್ತೇನಿ ಅಂತ ನಾ ಯಾರ ಮುಂದ ಹೇಳ್ಲಿ? ಸೊಸಿ ಮುಂದ ಹೇಳಿದ್ರ ಅಕಿ ಕಣ್ಣಾಗ ನೀರ ತಗೀತಾಳ, ಅಕಿನ್ನ ನಾ ಸಮಾಧಾನ ಮಾಡಬೇಕು.

ಅಷ್ಟರಾಗ ಫೋನಿಗೆ ಆಪಾಂದು ಮೆಸೇಜ್ ಬಂತು. "ಅಕ್ಕಾ ಯಾಕ ಬರವಲ್ರಿ." ಅಷ್ಟ. ಅಕಿಗೆ ಅಷ್ಟ ಬರಿಯಾಕನೂ ಅರ್ಧಾ ಮುಂಜಾನಿ ಹಿಡದಿರಬೇಕು.

ಉತ್ತರಾ ಬರಿಯಾಕ ಕುಂತೆ. ಒಂದ ಸಾಲ ಬರಿಬೇಕು ಅಂತಿದ್ದೆ. ಬೆರಳ ನಿಲ್ಲಲಿಲ್ಲ. ನೀರಿಂದು ಬರದೆ, ಇರಬಿ ಸಾಲಿಂದು ಬರದೆ, ಬಾಗಲದ್ದು ಬರದೆ, ಖಾಲಿ ಖುರ್ಚಿದು ಬರದೆ. ನಡುವ ಅಡಗಿ ಮಾಡಿ, ಇವ್ರಿಗೆ ಉಣಿಸಿ, ಮತ್ತ ಕುಂತು ಬರದೆ. ಹೆಸರ ಬರೂ ಜಾಗಾದಾಗ "ಇವ್ರು" ಅಂತ ಬರದೆ. ಕಡೀಕ, "ನಾ ಕಲತದ್ದೆಲ್ಲಾ ದಂಡ ಆತು ಆಪಾ, ಇನ್ನ ನಾ ಬರಂಗಿಲ್ಲ" ಅಂತ ಬರದು ಕಳಿಸಿದೆ.

ಅವತ್ತ ಉತ್ತರಾ ಬರಲಿಲ್ಲ. ಮರದಿನಾ ಮಧ್ಯಾಹ್ನ ಆಪಾ ಫೋನನ್ನ ಹಚ್ಚಿದ್ಲು. ಹಲೋ ಅನ್ನಾಕೂ ಬಿಡಲಿಲ್ಲ.

"ದಂಡ ಆಗಿದ್ರ ಇಷ್ಟುದ್ದ ಹೆಂಗ ಬರದ್ರಿ ಅಕ್ಕಾ? ಒಂದೊಂದ ಅಕ್ಷರಾ ಕೂಡಿಸಿ ಓದಿ ಮುಗಸೂದ್ರಾಗ ಅನ್ನ ಹೊತ್ತಿ ತಳಾ ಹಿಡೀತು, ನಮ್ಮನಿಯವ್ರು ಅದನ್ನ ಉಣಕೋತ ನಿಮ್ಮ ಹೆಸರ ಹಿಡದ ಬೈಯ್ಯಾಕತ್ತಾರ. ನನಗಂತೂ ಅವ್ರ ಹೆಸರ ತುಗೊಂಡು ತಿರುಗಿ ಬೈಯ್ಯಾಕ ಬರಂಗಿಲ್ಲ. ಲಗೂ ಬಂದು ನೀವ ಬೈದ ಹೋಗ್ರಿ."