ನೋಟೀಸಣ್ಣನೂ ಚೇಂಜ್ ಎಂಬ ಪದವೂ

ನೋಟೀಸಣ್ಣ ಅನ್ನುವುದು ಕಂಡಕ್ಟರುಗಳು ಇಟ್ಟ ಹೆಸರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆದರೆ ಆ ಹೆಸರು ಹಿಡಿದು ಕೇಳಿಕೊಂಡು ಬಂದವರನ್ನು ನಮ್ಮ ಗೇಟಿನ ಕಾವಲುಗಾರ "ಅಂಥವರು ಇಲ್ಲಿ ಯಾರೂ ಇಲ್ಲ" ಅಂತ ಎರಡು ಸಲ ವಾಪಸು ಕಳಿಸಿದ್ದುಂಟು.

ನಗರದ ಬಸ್ಸುಗಳ ಬಗ್ಗೆ ಜನಕ್ಕೆ ಏನೇ ತಿಳಿಸಬೇಕಾದರೂ ಅದನ್ನು ಬರೆಯುವುದು ಅವರ ಕೆಲಸ. ನಾನು ವೇಳಾಪಟ್ಟಿ ವಿಭಾಗದಲ್ಲಿದ್ದೆ. ನಮ್ಮಿಬ್ಬರ ಮೇಜು ಎದುರುಬದುರು. ನಾನು ಬಸ್ಸಿನ ಹೊತ್ತನ್ನು ಹಿಂದೆಮುಂದೆ ಮಾಡಿದರೆ ಅವರು ಅದನ್ನು ಬರೆದು, ನಿಲ್ದಾಣದ ಕಂಬಕ್ಕೆ ಅಂಟಿಸಲು ಕಳಿಸುತ್ತಿದ್ದರು. "ಹನ್ನೆರಡನೇ ನಂಬರ್ ಬಸ್ಸಿನ ಸಮಯ ಬದಲಾಗಿದೆ. ಇನ್ನು ಮುಂದೆ ಏಳು ಗಂಟೆಗೆ ಹೊರಡುತ್ತದೆ." ಅಷ್ಟೇ. ಹತ್ತೊಂಬತ್ತು ವರ್ಷದಲ್ಲಿ ಅವರು ಬರೆದ ನೋಟೀಸುಗಳಲ್ಲಿ ಎರಡನೇ ಸಲ ಓದಬೇಕಾದದ್ದು ಒಂದೂ ಇರಲಿಲ್ಲ. ಅದಕ್ಕೇ ಇರಬೇಕು, ಯಾರೂ ಅವರನ್ನು ಹೊಗಳಿರಲೂ ಇಲ್ಲ.

ಹೀಗಿರುವಾಗ ಹೊಸ ಮ್ಯಾನೇಜರ್ ಬಂದರು. ಬಂದ ಮೂರನೇ ದಿನ ಎಲ್ಲರನ್ನೂ ಊಟದ ಕೋಣೆಯಲ್ಲಿ ಸೇರಿಸಿ ಮುಕ್ಕಾಲು ಗಂಟೆ ಮಾತಾಡಿದರು. "ನಾವು ಚೇಂಜ್ ಆಗಬೇಕು. ಚೇಂಜ್‌ಗೆ ಹೆದರಬಾರದು. ಚೇಂಜ್ ನಮ್ಮೊಳಗಿಂದ ಬರಬೇಕು." ಅವರು ಚೇಂಜ್ ಅಂದಾಗಲೆಲ್ಲ ನಾನು ಕೈಯಲ್ಲಿದ್ದ ಕಾಗದದ ಹಿಂದೆ ಒಂದು ಗೀಟು ಎಳೆಯುತ್ತಾ ಹೋದೆ. ಮೂವತ್ತೊಂದು ಗೀಟಾಯಿತು. ಕೊನೆಗೆ, ಯಾರಾದರೂ ಏನಾದರೂ ಹೇಳುವುದಿದ್ದರೆ ಹೇಳಿ ಅಂದರು. ಹಿಂದಿನ ಸಾಲಿನಿಂದ ಒಬ್ಬ ಹಳೇ ಕಂಡಕ್ಟರ್ ಎದ್ದು ನಿಂತ.

"ನಮಗೂ ಚೇಂಜ್ ಬೇಕು ಸಾರ್. ಎರಡು ತಿಂಗಳಿಂದ ಕೇಳ್ತಾನೇ ಇದೀವಿ. ಚೇಂಜ್ ಇಲ್ದೆ ದಿನಾ ಪ್ಯಾಸೆಂಜರ್ ಕೈಲಿ ಬೈಸ್ಕೊಳ್ಳೋದಾಗಿದೆ."

ಮ್ಯಾನೇಜರ ಮುಖ ಅರಳಿತು. "ನೋಡಿ, ಕೆಳಗಿನ ಸಿಬ್ಬಂದಿಯಲ್ಲೇ ಎಷ್ಟು ತುಡಿತ ಇದೆ," ಅಂದು ಎಲ್ಲರ ಕೈಲೂ ಚಪ್ಪಾಳೆ ತಟ್ಟಿಸಿದರು. ಪಾಪ, ಅವನು ಕೇಳಿದ್ದು ಚಿಲ್ಲರೆ. ಅದನ್ನು ಬಿಡಿಸಿ ಹೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ. ಚಿಲ್ಲರೆಯೂ ಬರಲಿಲ್ಲ.

ಮರುದಿನ ನೋಟೀಸಣ್ಣನಿಗೆ ಕರೆ ಬಂತು. ವೇಳಾಪಟ್ಟಿ ನನ್ನದಾದ್ದರಿಂದ ನಾನೂ ಹಿಂದೆ ಹೋದೆ.

"ಬದಲಾವಣೆ ಅನ್ನೋ ಪದ ಇನ್ಮೇಲೆ ನಮ್ಮ ನೋಟೀಸಿನಲ್ಲಿ ಕಾಣಬಾರದು," ಅಂದರು ಮ್ಯಾನೇಜರ್.

"ನಿನ್ನೆ ಚೇಂಜ್ ಬೇಕು ಅಂದ್ರಲ್ಲ ಸಾರ್?"

"ಚೇಂಜ್ ಬೇಕು. ಬದಲಾವಣೆ ಬೇಡ. ಬದಲಾವಣೆ ಅಂದ ಕೂಡ್ಲೇ ಜನಕ್ಕೆ ಏನೋ ಕೈತಪ್ಪಿ ಹೋಯ್ತು ಅನ್ಸುತ್ತೆ. ಬೇರೆ ಪದ ಹುಡುಕಿ."

ನೋಟೀಸಣ್ಣ ಒಂದು ಹಾಳೆ ತುಂಬ ಪದ ಬರೆದುಕೊಂಡು ಹೋದರು. ಮಾರ್ಪಾಡು ಅಂದರೆ ಕೆಟ್ಟ ಯಂತ್ರಕ್ಕೆ ತೇಪೆ ಹಾಕಿದ ಹಾಗಿದೆ ಅಂದರು ಮ್ಯಾನೇಜರ್. ತಿದ್ದುಪಡಿ ಅಂದರೆ ಮೊದಲು ತಪ್ಪಿತ್ತು ಅಂತ ನಾವೇ ಒಪ್ಪಿಕೊಂಡಂತೆ. ಪಲ್ಲಟ ಅಂದರೆ ಬಸ್ಸು ಮಗುಚಿದ ಸುದ್ದಿ. ವ್ಯತ್ಯಯ ಕರೆಂಟಿನವರದು, ಅವರಿಗೇ ಇರಲಿ. ರೂಪಾಂತರ ಅವರಿಗೆ ತುಂಬ ಹಿಡಿಸಿತು, ಆದರೆ ಬಸ್ಸು ರೂಪಾಂತರ ಹೊಂದಿ ಏನಾಯಿತು ಅಂತ ಯಾರಾದರೂ ಕೇಳಿದರೆ ಉತ್ತರ ಬೇಕಲ್ಲ. ಹಾಳೆಯ ತಳದಲ್ಲಿ, ಜಾಗ ತುಂಬಲೆಂದು ಬರೆದಿದ್ದ ಒಂದು ಪದ ಉಳಿದಿತ್ತು: ಮರುಸಂಯೋಜನೆ. ಮ್ಯಾನೇಜರ್ ಅದನ್ನು ಎರಡು ಸಲ ಬಾಯಿಬಿಟ್ಟು ಹೇಳಿ ನೋಡಿದರು.

"ಇದರ ಅರ್ಥ ಏನು?"

"ಸರಿಯಾಗಿ ಗೊತ್ತಿಲ್ಲ ಸಾರ್."

"ಇದೇ ಇರಲಿ."

ನೋಟೀಸಣ್ಣ ಇದನ್ನೆಲ್ಲ ನಕ್ಕು ಮರೆಯುತ್ತಾರೆ ಅಂದುಕೊಂಡಿದ್ದೆ. ಮರೆಯಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಒಬ್ಬ ಮೇಲಧಿಕಾರಿ ಅವರಿಂದ ಒಂದು ಪದ ಬೇಕು ಅಂತ ಕೇಳಿದ್ದರು. ಆ ವಾರವೇ ಎರಡು ನಿಘಂಟು ಕೊಂಡು ತಂದರು. ಒಂದು ಕಚೇರಿಗೆ, ಒಂದು ಮನೆಗೆ. ಮನೆಯಲ್ಲಿ ಹೆಂಡತಿ ಬೆಳಗಿನಿಂದ ಎಷ್ಟು ಸಲ ಚೇಂಜ್ ಅನ್ನುತ್ತಾರೆ ಅಂತ ಎಣಿಸತೊಡಗಿದರು. ಬೆಡ್‌ಶೀಟ್ ಚೇಂಜ್, ಸಿಲಿಂಡರ್ ಚೇಂಜ್, ಚಾನೆಲ್ ಚೇಂಜ್, ಅಮ್ಮನ ಔಷಧಿ ಚೇಂಜ್. ಊಟದ ಹೊತ್ತಿಗೆ ನನ್ನೆದುರು ಡಬ್ಬಿ ಬಿಚ್ಚುತ್ತಾ ಹೇಳುತ್ತಿದ್ದರು: "ನೋಡಿ, ಹಾಸಿಗೆಗೆ ಹೊಸ ಬಟ್ಟೆ ಹಾಸ್ತೀವಿ. ಸಿಲಿಂಡರ್ ಕೂರಿಸ್ತೀವಿ. ನೋಟು ಮುರಿಸ್ತೀವಿ. ಬಸ್ಸು ಇಳಿದು ಇನ್ನೊಂದು ಹತ್ತುತ್ತೀವಿ. ಒಂದು ಚೇಂಜ್ ಇಷ್ಟು ಪದಗಳನ್ನ ತಿಂದು ಕೂತಿದೆ." ಅದು ಚೆನ್ನಾಗಿಯೇ ಇತ್ತು. ಆದರೆ ಹೀಗೆ ಸಿಕ್ಕ ಸಣ್ಣ ಪದಗಳನ್ನೆಲ್ಲ ನನಗೆ ಹೇಳಿ, ನೋಟೀಸಿಗೆ ಮಾತ್ರ ದಪ್ಪನೆಯವನ್ನೇ ಆರಿಸುತ್ತಿದ್ದರು.

ಒಂದು ಸಂಜೆ ಹೆಂಡತಿ, "ರೀ, ಅಡುಗೆಮನೆ ಬಲ್ಬು ಹೋಗಿದೆ, ಚೇಂಜ್ ಮಾಡಿ," ಅಂದರಂತೆ.

"ಚೇಂಜ್ ಅನ್ನಬೇಡ. ನವೀಕರಿಸಿ ಅನ್ನು."

"ಏನಾದ್ರೂ ಅನ್ಕೊಳ್ಳಿ. ಮೊದ್ಲು ಕುರ್ಚಿ ಹತ್ತಿ."

ಇಷ್ಟರಲ್ಲಿ ಕಣ್ಣಾಸ್ಪತ್ರೆ ಮುಂದಿನ ರಸ್ತೆಯನ್ನು ಏಕಮುಖ ಮಾಡಿದರು. ಬಸ್ಸು ಆ ಕಡೆ ಹೋಗುವಂತಿಲ್ಲ. ನಿಲ್ದಾಣವನ್ನು ಹಿಂದಿನ ಬೀದಿಯ ಹಿಟ್ಟಿನ ಗಿರಣಿ ಪಕ್ಕಕ್ಕೆ ತಂದೆವು. ನೋಟೀಸಣ್ಣ ಎರಡು ದಿನ ಕೂತು ಬರೆದರು: "ಪ್ರಯಾಣಿಕಸ್ನೇಹಿ ಮರುಸಂಯೋಜನೆಯ ಅಂಗವಾಗಿ ಕಣ್ಣಾಸ್ಪತ್ರೆ ನಿಲುಗಡೆಯ ಸೇವಾಬಿಂದುವನ್ನು ಸಮೀಪದ ಪರ್ಯಾಯ ನೆಲೆಯೊಂದಿಗೆ ಸಮನ್ವಯಗೊಳಿಸಲಾಗಿದೆ." ಮ್ಯಾನೇಜರ್ ಎದ್ದು ಬಂದು ಕೈ ಕುಲುಕಿದರು. ಆ ನೋಟೀಸಿನ ಒಂದು ಪ್ರತಿ ಮಾದರಿಯೆಂದು ಕೇಂದ್ರ ಕಚೇರಿಗೂ ಹೋಯಿತು. ನೋಟೀಸಣ್ಣ ಆ ದಿನ ನನಗೆ ಟೀ ಕುಡಿಸಿದರು.

ನೋಟೀಸಣ್ಣನ ಅತ್ತೆ, ಅಂದರೆ ಹೆಂಡತಿಯ ತಾಯಿ, ಅವರ ಮನೆಯಲ್ಲೇ ಇದ್ದರು. ಬಲಗಣ್ಣಿನ ಪೊರೆ ತೆಗೆಸಿಕೊಂಡು ಪ್ರತಿ ಮಂಗಳವಾರ ಆಸ್ಪತ್ರೆಗೆ ತೋರಿಸಲು ಹೋಗುತ್ತಿದ್ದರು. ಬೆಳಿಗ್ಗೆ ಮಗಳು ಸ್ಕೂಟರಿನಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದರು, ವಾಪಸು ಬರುವುದು ಬಸ್ಸಿನಲ್ಲಿ. ನಿಲ್ದಾಣ ಸರಿದದ್ದನ್ನು ಮನೆಯಲ್ಲಿ ಹೇಳಬೇಕೆಂದು ಅಳಿಯನಿಗೆ ಹೊಳೆದಿರಲಿಲ್ಲ. ಆ ಮಂಗಳವಾರ ಹನ್ನೊಂದೂವರೆಗೆ ಅತ್ತೆ ಕಂಬದ ಬಳಿ ಬಂದು ನಿಂತರು. ಕಣ್ಣಿಗೆ ಹನಿ ಹಾಕಿದ್ದರಿಂದ ಎಲ್ಲ ಮಂಜು ಮಂಜು. ಸುತ್ತ ಇಪ್ಪತ್ತು ಜನ, ಅರ್ಧ ಜನರ ಒಂದು ಕಣ್ಣಿಗೆ ಪಟ್ಟಿ. ಬಸ್ಸಿನ ಸುಳಿವಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಎಲ್ಲರ ಪರವಾಗಿ ನೋಟೀಸನ್ನು ಗಟ್ಟಿಯಾಗಿ ಓದಿ, "ಯಾವುದೋ ಎರಡು ಆಸ್ಪತ್ರೆ ಸೇರಿ ಒಂದಾಗಿದೆ ಅಂತ ಕಾಣುತ್ತೆ. ಬಸ್ಸಿಗೂ ಇದಕ್ಕೂ ಸಂಬಂಧ ಇಲ್ಲ," ಅಂತ ತೀರ್ಮಾನ ಕೊಟ್ಟರಂತೆ. ಎಲ್ಲರೂ ನಿಂತೇ ಇದ್ದರು.

ಅತ್ತೆ ಒಂದೂವರೆ ಗಂಟೆ ಬಿಸಿಲಲ್ಲಿ ನಿಂತು, ಕೊನೆಗೆ ಗುರುತಿಲ್ಲದ ಹೆಂಗಸೊಬ್ಬಳ ಕೈ ಹಿಡಿದು ನಾಲ್ಕು ರಸ್ತೆ ದಾಟಿ, ಗೋಡೆ ಸವರಿಕೊಂಡು ನಡೆದೇ ಮನೆ ಸೇರಿದರು. ಸಂಜೆ ಅಳಿಯ ಬಂದು ಬೂಟು ಬಿಚ್ಚುತ್ತಿದ್ದಾಗ ಚೀಲದಿಂದ ಒಂದು ಕಾಗದ ತೆಗೆದು ಮುಂದೆ ಹಿಡಿದರು. ಕಂಬದಿಂದ ಕಿತ್ತು ತಂದಿದ್ದರು, ಮೂಲೆಯಲ್ಲಿ ಅಂಟು ಇನ್ನೂ ಇತ್ತು.

"ನಿಮ್ಮ ಆಫೀಸಿನ ಮೊಹರು ಇದೆಯಂತೆ. ಏನು ಬರೆದಿದೆ ಸ್ವಲ್ಪ ಹೇಳಿ."

ನೋಟೀಸಣ್ಣ ಓದಿದರು.

"ಓದೋದು ಬೇಡ. ಅಲ್ಲಿ ಮೇಷ್ಟ್ರು ಓದಿದ್ರು. ಏನು ಅಂತ ಹೇಳಿ."

"ಬಸ್ಸು ಅಲ್ಲಿ ನಿಲ್ಲಲ್ಲ ಅತ್ತೆ. ಹಿಂದಿನ ಬೀದಿ ಗಿರಣಿ ಹತ್ರ ನಿಲ್ಲುತ್ತೆ."

ಅತ್ತೆ ಕಾಗದವನ್ನು ಕಣ್ಣಿನ ಹತ್ತಿರ ತಂದು, ಉದ್ದಗಲ ಬೆರಳಾಡಿಸಿದರು. "ಇಷ್ಟು ದೊಡ್ಡ ಹಾಳೆ. ಅದನ್ನ ಬರೆಯೋಕೆ ಜಾಗ ಸಾಲಲಿಲ್ವಾ?"

ಬೈದಿದ್ದರೆ ಚೆನ್ನಾಗಿತ್ತು ಅಂತ ನೋಟೀಸಣ್ಣ ಆಮೇಲೆ ನನ್ನ ಹತ್ತಿರ ಹೇಳಿಕೊಂಡರು. ಅವರು ಬೈಯಲಿಲ್ಲ. ಕಾಲು ಊದಿಕೊಂಡಿದೆ ಅಂತ ಮಗಳ ಹತ್ತಿರ ಬಿಸಿನೀರು ಕೇಳಿ ಒಳಗೆ ಹೋದರು.

ಮರುದಿನ ಬೆಳಿಗ್ಗೆ ನೋಟೀಸಣ್ಣ ಡಿಪೋದಲ್ಲಿ ಬಸ್ಸಿಗೆ ನಂಬರ್ ಬರೆಯುವವನ ಹತ್ತಿರ ಬಣ್ಣ, ಕುಂಚ ಕೇಳಿ ಪಡೆದು, ಒಂದು ರಟ್ಟಿನ ಮೇಲೆ ಬರೆದರು: "ಇಲ್ಲಿ ಬಸ್ಸು ನಿಲ್ಲುವುದಿಲ್ಲ. ಹಿಂದಿನ ಬೀದಿ ಗಿರಣಿ ಹತ್ತಿರ ಹೋಗಿ." ಕೆಳಗೆ ಒಂದು ಬಾಣದ ಗುರುತು. ತಾವೇ ಹೋಗಿ ಕಂಬಕ್ಕೆ ಕಟ್ಟಿದರು. ಕಾದಿದ್ದವರು ಓದಿದರು, ಚೀಲ ಎತ್ತಿಕೊಂಡರು, ಹೊರಟರು. ಎರಡು ನಿಮಿಷದಲ್ಲಿ ಅಲ್ಲಿ ಕಂಬ, ನೋಟೀಸಣ್ಣ ಇಬ್ಬರೇ. ಹೋಗುವವರಲ್ಲಿ ಒಬ್ಬರು ಮಾತ್ರ ತಿರುಗಿ, "ಇಷ್ಟು ದಿನ ಎಲ್ಲಿ ಹೋಗಿದ್ರಿ?" ಅಂತ ಕೇಳಿದರಂತೆ.

ನಾಲ್ಕನೇ ದಿನ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆಸಿದರು. ರಟ್ಟು ಅವರ ಮೇಜಿನ ಮೇಲಿತ್ತು.

"ನಿಲ್ಲುವುದಿಲ್ಲ ಅಂತ ಬರೆದಿದೀರಿ. ಒಂದು ಬಸ್ ಸಂಸ್ಥೆ ಬಾಯಲ್ಲಿ ಬರೋ ಮಾತಾ ಇದು?"

"ಬಸ್ಸು ನಿಲ್ಲಲ್ವಲ್ಲ ಸಾರ್."

"ನಿಲ್ಲಲ್ಲ, ಸರಿ. ಆದ್ರೆ ಅದನ್ನ ಹಾಗೆ ಹೇಳೋದಾ?"

ನೋಟೀಸಣ್ಣ ತಲೆ ತಗ್ಗಿಸಲಿಲ್ಲ, ವಾದವನ್ನೂ ಮಾಡಲಿಲ್ಲ. ರಟ್ಟನ್ನು ಮತ್ತೆ ಕಂಬಕ್ಕೆ ಕಟ್ಟಿಸಬೇಕು, ತನಗೆ ಏನು ಮಾಡಿದರೂ ಸರಿ ಅಂದರು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ರಟ್ಟು ಕಂಬಕ್ಕೆ ವಾಪಸು ಹೋಯಿತು. ನೋಟೀಸಣ್ಣನನ್ನು ನೆಲಮಾಳಿಗೆಗೆ, ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನು ಇಡುವ ಕೋಣೆಗೆ ಹಾಕಿದರು. ಆದೇಶದಲ್ಲಿ "ಸಾಮರ್ಥ್ಯಾಧಾರಿತ ಸ್ಥಾನ ಸಮೀಕರಣ" ಅಂತ ಇತ್ತು. ಇದನ್ನು ಬರೆದವರು ಯಾರು ಅಂತ ಕೇಳಿದೆ.

"ನಾನೇ," ಅಂದರು. "ಬೇರೆ ಯಾರಿಗೂ ಬರಲ್ವಲ್ಲ."

ಆ ತಿಂಗಳು ಕಣ್ಣಾಸ್ಪತ್ರೆ ಕಡೆಯಿಂದ ದೂರುಗಳು ನಿಂತವು. ಜನ ಮರುಸಂಯೋಜನೆಯನ್ನು ಮನಸಾರೆ ಒಪ್ಪಿದ್ದಾರೆ ಅಂತ ಮ್ಯಾನೇಜರ್ ವರದಿ ಕಳಿಸಿದರು. ವರ್ಷದೊಳಗೆ ಅವರಿಗೆ ಬಡ್ತಿಯಾಗಿ ಕೇಂದ್ರ ಕಚೇರಿಗೆ ಹೋದರು. ಅಲ್ಲಿಂದ ಬರುವ ಸುತ್ತೋಲೆಗಳು ಈಗ ನಮಗೆ ಅರ್ಥವಾಗುವುದಿಲ್ಲ. ಮೊದಲೂ ಅಷ್ಟೇನೂ ಆಗುತ್ತಿರಲಿಲ್ಲ ಅನ್ನಿ.

ನೋಟೀಸಣ್ಣ ಆ ಕೋಣೆಯಲ್ಲಿ ನಿವೃತ್ತಿಯವರೆಗೆ, ನಾಲ್ಕು ವರ್ಷ ಇದ್ದರು. ಮೊದಲು ಅಲ್ಲಿ ಎಲ್ಲ ಸಾಮಾನಿನ ಮೇಲೂ "ಇತರೆ" ಅಂತ ಚೀಟಿ ಇತ್ತು. ಅವರು ಒಂದೊಂದನ್ನೂ ಬಿಡಿಸಿ ಬರೆದರು. "ಕಪ್ಪು ಕೊಡೆ, ಹಿಡಿ ಮುರಿದಿದೆ." "ಊಟದ ಡಬ್ಬಿ, ತೊಳೆದು ಇಟ್ಟಿದ್ದೇವೆ." ಹುಡುಕಿಕೊಂಡು ಬಂದವರು ನಿಂತ ಕಾಲಲ್ಲೇ ತಮ್ಮದನ್ನು ಗುರುತಿಸಿ ಒಯ್ಯತೊಡಗಿದರು.

ಎಡಗಣ್ಣಿನ ಪೊರೆಯನ್ನೂ ತೆಗೆಸಿ ಹೊಸ ಕನ್ನಡಕ ಬಂದ ಮೇಲೆ ಅತ್ತೆ ಒಂದು ಮಧ್ಯಾಹ್ನ ಅಳಿಯನ ಕೋಣೆ ನೋಡಲು ಬಂದಿದ್ದರು. ನಾನೂ ಕೆಳಗಿದ್ದೆ. ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡು, ಆಮೇಲೆ ಎದ್ದು ಒಂದೊಂದೇ ಚೀಟಿಯನ್ನು ಬಾಯಿಬಿಟ್ಟು ಓದುತ್ತಾ ಕಪಾಟಿನ ಉದ್ದಕ್ಕೂ ನಡೆದರು. ಕೆಳಗಿನ ಖಾನೆಯ ಬಳಿ ಬಗ್ಗಿ ನಿಂತರು. "ಎಡಗಾಲಿನ ಚಪ್ಪಲಿ, ಒಂದೇ."

"ಒಂದೇ ಕಾಲಲ್ಲಿ ಚಪ್ಪಲಿ ಹಾಕ್ಕೊಂಡು ಮನೆಗೆ ಹೇಗೆ ಹೋದ್ರೋ ಪಾಪ," ಅಂದರು ಅತ್ತೆ.

"ಅದು ಗೊತ್ತಾಗಲಿಲ್ಲ ಅತ್ತೆ," ಅಂದರು ನೋಟೀಸಣ್ಣ. "ಗೊತ್ತಾಗಿದ್ರೆ ಅದನ್ನೂ ಬರೀತಿದ್ದೆ."