ಆರನೆಯ ಪ್ರತಿ

ಶಮೀಮ್ ಆಪಾ, ಶಾಂತಾ ಚಿಗವ್ವನ ಸಹಿಯಿದ್ದ ಕಾಗದಗಳು ಕಳ್ಳರ ಕೈ ಸೇರಿದ್ದು ನನ್ನಿಂದ. ನಿಮ್ಮಿಂದಲ್ಲ. ಇದು ನನಗೆ ಹದಿನಾಲ್ಕು ತಿಂಗಳಿನಿಂದ ಗೊತ್ತು.

ನಾನು ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುವವಳು — ಸಿಲಿಂಡರ್ ಎಷ್ಟು ದಿನ ಬಂತು, ಕಮಲಾಪುರದ ಬಸ್ಸು ಎಷ್ಟು ನಿಮಿಷ ತಡ. ಅದಕ್ಕೇ ಚಿಗವ್ವ ತನ್ನ ಪಿಂಚಣಿ, ಬ್ಯಾಂಕಿನ ಕಾಗದಗಳನ್ನೆಲ್ಲ ಕಲಬುರಗಿಗೆ, ಸೇಡಂ ರಸ್ತೆಯ ನಮ್ಮ ಮನೆಗೆ ಕಳಿಸಿದ್ದಳು. ಪ್ರತಿ ಕೆಲಸಕ್ಕೂ ಆಕೆ ಬಂದು ಸಹಿ ಹಾಕುವುದೇಕೆ ಎಂದು, ಒಂದು ಭಾನುವಾರ ಕಮಲಾಪುರಕ್ಕೆ ಆಕೆಯ ಆಧಾರ್ ಕಾರ್ಡಿನ ಎಂಟು ಜೆರಾಕ್ಸ್ ಒಯ್ದೆ. ಎಂಟಕ್ಕೂ ಒಮ್ಮೆಲೇ ಸಹಿ ಮಾಡಿಸಿಕೊಂಡು, ಮೂಲೆಯಲ್ಲಿ ಪೆನ್ಸಿಲಿನಿಂದ ಒಂದರಿಂದ ಎಂಟರವರೆಗೆ ಅಂಕಿ ಹಾಕಿದೆ.

ಹೆಬ್ಬೆಟ್ಟು ಒತ್ತುತ್ತಿದ್ದ ಚಿಗವ್ವನಿಗೆ ಸಹಿ ಕಲಿಸಿದವರು ಪಕ್ಕದ ಮನೆಯ ನೀವು. ಅಂದು ನೀವೂ ಅಲ್ಲೇ ಕೂತು ಯಾರದೋ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಿರಿ.

“ಇಷ್ಟ್ ಸಹಿ ಮಾಡಸ್ತಿ, ನಾ ಏನ್ ತಹಶೀಲ್ದಾರ್ ಆಗೀನೇನ?” ಎಂದಳು ಚಿಗವ್ವ.

“ಆಗೇ ಬಿಟ್ರಿ ತಗೋರಿ ಶಾಂತಾಬಾಯಿ! ಇನ್ನ ನಾವು ಅರ್ಜಿ ಹಿಡ್ಕೊಂಡು ನಿಮ್ಮ ಬಾಗಲಾಗ ಕೂಡಬೇಕು,” ಎಂದು ನಕ್ಕ ನೀವು ನನ್ನತ್ತ ತಿರುಗಿದಿರಿ. “ಬರೇ ಸಹಿ ಬ್ಯಾಡ ಬೇಟಾ. ಯಾವ ಕೆಲಸಕ್ಕ ಅಂತ ಅಡ್ಡ ಬರದು, ಆಮ್ಯಾಲ ಮಾಡಸು.”

“ಮನ್ಯಾಗ ಇರ್ತಾವ ಬಿಡ್ರಿ ಆಪಾ, ಎಲ್ಲಿ ಹೋಗ್ತಾವ?” ಎಂದೆ.

ಐದು ಬಳಸಿದೆ. ಮೂರು ಆಕೆಯ ಫೈಲಿನಲ್ಲೇ ಉಳಿದವು. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಹಳೆಯ ಪೇಪರು, ಕಾಲೇಜಿನ ನೋಟ್ಸು ಕಟ್ಟಿ ರದ್ದಿಯವನಿಗೆ ಹಾಕಿದೆ. ಒಂಬತ್ತು ಕಿಲೋ ಎಂದು ಬರೆದಿದ್ದೇನೆ. ಆ ಕಟ್ಟಿನಲ್ಲಿ ಚಿಗವ್ವನ ಫೈಲೂ ಹೋಯಿತು — ಅದನ್ನು ಬರೆದಿಲ್ಲ, ನೋಡಿಯೇ ಇರಲಿಲ್ಲ.

ಚಳಿ ಮುಗಿಯುವಷ್ಟರಲ್ಲಿ ಬ್ಯಾಂಕಿನವರು ಆಕೆಯ ಖಾತೆಯನ್ನು ತಡೆಹಿಡಿದರು. ಯಾರೋ ಆಕೆಯ ಹೆಸರಿನಲ್ಲಿ ಸಿಮ್ ತೆಗೆದು, ಬೇರೊಂದು ಖಾತೆ ತೆರೆದು, ಅದರಿಂದ ಜನರಿಗೆ ಮೋಸ ಮಾಡಿದ್ದರು. ವಿಚಾರಣೆಗೆ ನಾನೇ ಜೊತೆಗೆ ಹೋದೆ. ಆ ಖಾತೆ ತೆರೆಯಲು ಕಳ್ಳರು ಕೊಟ್ಟಿದ್ದ ಜೆರಾಕ್ಸನ್ನು ಪೊಲೀಸರು ಮೇಜಿನ ಮೇಲಿಟ್ಟರು. ಕೆಳಗೆ ಚಿಗವ್ವನ ಅಂಕುಡೊಂಕು ಸಹಿ. ಮೂಲೆಯಲ್ಲಿ — ಮಸುಕಾಗಿ, ಆದರೆ ನನ್ನ ಕೈಯದೇ — ಆರು.

ಆ ಅಂಕಿಯ ಮಾತೆತ್ತದೆ ಕಾಗದವನ್ನು ಅವರತ್ತ ಸರಿಸಿದೆ.

ಹೊರಗೆ ಬಂದಮೇಲೆ ಚಿಗವ್ವ ಕೇಳಿದಳು, “ನಿನ್ನ ಕಡಿಂದ ಹೋಗಿಲ್ಲಲ್ಲ?”

“ಇಲ್ಲ ಚಿಗವ್ವ. ನನ್ನ ಹತ್ರ ಎಲ್ಲಾ ಬರಾಬರ್ ಅದ.”

“ಹಂಗಾದ್ರ ನನ್ನ ಸಹಿ ಗೊತ್ತಿದ್ದಾಕಿ ಶಮೀಮ್ ಒಬ್ಬಾಕೀನೇ.”

ಆಗಲಾದರೂ ಅಲ್ಲ ಎನ್ನಬಹುದಿತ್ತು. ಒಂದೇ ಮಾತು —

ಆಕೆ ನಿಮ್ಮ ಬಾಗಿಲಿಗೆ ಬಂದು ಏನೇನು ಅಂದಳೋ, ಓಣಿಯೆಲ್ಲ ಕೇಳಿತು. ಊರಿನ ಮಹಿಳಾ ಸಂಘದ ಹೆಂಗಸರು ನಿಮ್ಮಿಂದ ಫಾರ್ಮು ತುಂಬಿಸುವುದನ್ನು ಬಿಟ್ಟರು, ಹೊಲಿಯಲು ಬಟ್ಟೆ ಕೊಡುವುದನ್ನೂ ಬಿಟ್ಟರು. ಒಮ್ಮೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ನೀವಾಗಿಯೇ ಹತ್ತಿರ ಬಂದು, “ಶಾಂತಾಬಾಯಿ ಆರಾಮ್ ಅದಾರೇನು?” ಎಂದಿರಿ. ನಾನು ಕೇಳಿಸದವಳಂತೆ ಆಟೋ ಹತ್ತಿದೆ. ಚಿಗವ್ವನ ಖಾತೆ ಏಳು ತಿಂಗಳಿಗೆ ಮತ್ತೆ ತೆರೆಯಿತು. ನಿಮ್ಮ ಮೇಲಿನ ಅಪವಾದ ಹಾಗೇ ಉಳಿಯಿತು.

ಈಗ ನಾನು ಪ್ರತಿ ಜೆರಾಕ್ಸಿನ ಮೇಲೂ ಯಾವ ಕೆಲಸಕ್ಕೆಂದು ಅಡ್ಡ ಬರೆಯುತ್ತೇನೆ. ಮಿಕ್ಕಿದ್ದನ್ನು ಸಣ್ಣಗೆ ಹರಿದು ಬಕೆಟ್ಟಿನಲ್ಲಿ ನೆನೆಹಾಕುತ್ತೇನೆ. ನೀವು ಹೇಳಿದ್ದನ್ನೇ ಮಾಡುತ್ತಿದ್ದೇನೆ — ನಿಮ್ಮನ್ನು ಕಳ್ಳಿ ಮಾಡಿದಮೇಲೆ.

ನಿನ್ನೆ ಚಿಗವ್ವನಿಗೆ ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ. “ಅಕಿ ಮುಂದ ನಾ ಹ್ಯಾಂಗ ನಿಂದ್ರಲಿ?” ಎಂದಳು. ಆಮೇಲೆ ನನ್ನೊಡನೆ ಮಾತಾಡಿಲ್ಲ.

ನಾಳೆ ಠಾಣೆಯಲ್ಲಿ ಬರೆದುಕೊಡುತ್ತೇನೆ. ಭಾನುವಾರ ಸಂಘದ ಸಭೆಯಲ್ಲಿ ಎಲ್ಲರೆದುರು ಹೇಳುತ್ತೇನೆ. ನೀವು ಬರಬೇಕಾಗಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ. ಸಭೆಗೆ ನಿಮ್ಮ ಓಣಿಯಿಂದಲೇ ನಡೆದು ಹೋಗುತ್ತೇನೆ. ನನ್ನನ್ನು ಕಂಡು ಬಾಗಿಲು ಹಾಕಿಕೊಳ್ಳಬೇಕೆನಿಸಿದರೆ, ಹಾಕಿಕೊಳ್ಳಿ ಆಪಾ.